ಗಂಟೆಗೆ ಐದು ನಿಮಿಷ ಮುಂದೆ

"ಏಯ್! ಯಾರ್ರೀ ಅದು? ಅದನ್ನ ಮುಟ್ಟಬೇಡಿ!"

ಅವಳ ಕೂಗು ಖಾಲಿ ಹಜಾರದ ನಾಲ್ಕೂ ಗೋಡೆಗೆ ಬಡಿದು ವಾಪಸು ಬಂತು. ಏಣಿಯ ತುದಿಯಲ್ಲಿ ಕಿವಿಗೆ ಫೋನು ಹಚ್ಚಿಕೊಂಡು ಕಣ್ಣು ಮುಚ್ಚಿ ನಿಂತಿದ್ದವನು ಬೆಚ್ಚಿಬಿದ್ದ. ಏಣಿ ಅಲುಗಿತು... ಫೋನು ಕೈಜಾರಿತು!

ಅವಳು ಬ್ಯಾಗು ಎಸೆದು ಓಡಿದಳು. ನೆಲಕ್ಕೆ ಇನ್ನೊಂದು ಗೇಣಿದೆ ಎನ್ನುವಾಗ ಎರಡೂ ಕೈಯಲ್ಲಿ ಅದನ್ನು ಹಿಡಿದುಬಿಟ್ಟಳು.

ಟಿಕ್... ಟಿಕ್... ಟಿಕ್...

ಅಷ್ಟು ಹೊತ್ತೂ ಸುಮ್ಮನಿದ್ದ ಫೋನು ಅವಳ ಅಂಗೈಯಲ್ಲಿ ಬಡಿಯತೊಡಗಿತು. ಅದಕ್ಕಿಂತ ಜೋರಾಗಿ ಅವಳ ಎದೆ ಬಡಿಯುತ್ತಿತ್ತು, ಅದು ಬೇರೆ ಮಾತು.

"ಸದ್ಯ!" ಏಣಿಯ ಮೇಲಿನವನು ಉಸಿರು ಬಿಟ್ಟ. "ನೀವು ಮುಟ್ಟಿದ ಮೇಲೇ ಶಬ್ದ ಬಂತು. ಅಂದ್ರೆ ಸರಿಯಾಗಿದೆ."

"ಏನು ಸರಿಯಾಗಿದೆ? ಬಿದ್ದಿದ್ರೆ?"

"ಯಾರು, ಫೋನಾ, ನಾನಾ?"

"ಫೋನು!"

ಅವನು ಪೆಚ್ಚಾಗಿ ನಕ್ಕು ಇಳಿದು ಬಂದ. ದಪ್ಪ ಕನ್ನಡಕ, ಅಂಗಿಯ ತೋಳಿಗೆಲ್ಲ ಗೋಡೆಯ ಸುಣ್ಣ. "ಬ್ರೌಸರಿನ ನಿಯಮ ಮೇಡಂ. ಪುಟ ತೆರೆದಿಟ್ರೂ, ಯಾರಾದ್ರೂ ಬೆರಳಿಟ್ಟು ಮುಟ್ಟೋ ತನಕ ಅದು ತುಟಿ ಬಿಚ್ಚಲ್ಲ. ಜಾಹೀರಾತುಗಳು ಕೇಳದೆ ಕಿರುಚಬಾರದು ಅಂತ ಮಾಡಿರೋದು. ಮುಟ್ಟದೆ ಏನಾದ್ರೂ ಕೇಳಿಸುತ್ತಾ ಅಂತ ಪರೀಕ್ಷೆ ಮಾಡ್ತಿದ್ದೆ."

"ನನ್ನ ಕೋಡ್ ನಿಮ್ಮ ಕೈಗೆ ಕೊಟ್ಟೋರು ಯಾರು?"

"ನಾನೇ ಕೊಟ್ಟೆ," ಎಂದು ಬಾಗಿಲಿಂದ ಗ್ಯಾಲರಿಯ ಮೇಲ್ವಿಚಾರಕಿ ಒಳಬಂದಳು. "ನಿಮ್ಮ ಕೆಲಸವನ್ನ ಫೋನುಗಳಿಗೆ ಏರಿಸೋಕೆ ಇವರನ್ನ ಕರೆಸಿದೀನಿ. ಮೂರು ವಾರ ಇಬ್ಬರೂ ಒಟ್ಟಿಗಿರ್ಬೇಕು, ಜಗಳ ಈಗಲೇ ಮುಗಿಸ್ಕೊಳ್ಳಿ."

ಅವಳಿಗೆ ಮೂಗಿನ ತುದಿಯಲ್ಲೇ ಕೋಪ. *ಈ ಕನ್ನಡಕದ ಜೊತೆ ಮೂರು ವಾರವಾ? ದೇವರೇ!*

ವಿಷಯ ಏನೆಂದು ಬಿಡಿಸಿ ಹೇಳುತ್ತೇನೆ, ಇಲ್ಲದಿದ್ದರೆ ನಿಮಗೂ ತಲೆ ಕೆಟ್ಟೀತು.

ಅವಳು ಶಬ್ದದ ಕಲಾವಿದೆ. ಶಬ್ದ ಕಟ್ಟುವುದಕ್ಕೆಂದೇ ಇರುವ ಒಂದು ಪ್ರೋಗ್ರಾಮಿಂಗ್ ಭಾಷೆಯಲ್ಲಿ ಅವಳು ಸಾಲು ಸಾಲು ಬರೆದರೆ, ಕಂಪ್ಯೂಟರು ಅದನ್ನು ಓದಿ ದನಿ ಹೊರಡಿಸುತ್ತದೆ. ಅವಳ ಅಪ್ಪ ಗಡಿಯಾರ ರಿಪೇರಿಯವರು. ನಲವತ್ತೆರಡು ವರ್ಷ ಒಂದೇ ಅಂಗಡಿ, ಒಂದೇ ಕುರ್ಚಿ, ಕಣ್ಣಿಗೆ ಸಿಕ್ಕಿಸಿಕೊಂಡ ಒಂದೇ ಭೂತಗನ್ನಡಿ. ಆರು ತಿಂಗಳ ಹಿಂದೆ ಅವರ ಕೈ ನಡುಗಲು ಶುರುವಾಗಿ ಅಂಗಡಿಗೆ ಬೀಗ ಬಿತ್ತು. ಗೋಡೆಯ ಮೇಲಿದ್ದ ನಲವತ್ತು ಗಡಿಯಾರಗಳು ಒಂದೊಂದು ಒಬ್ಬೊಬ್ಬರ ಮನೆ ಸೇರಿದವು. ಆಮೇಲೆ ಅಪ್ಪನ ಮಾತೂ ಕಡಿಮೆಯಾಗಿಹೋಯಿತು.

ಬೀಗ ಬೀಳುವ ಮೊದಲೇ ಮಗಳು ಆ ನಲವತ್ತನ್ನೂ ಬರೆದಿಟ್ಟಿದ್ದಳು. ಯಾವುದು ಎಡಗಾಲು ಎಳೆಯುತ್ತದೆ, ಯಾವುದು ಗಂಟೆ ಹೊಡೆಯುವ ಮೊದಲು ಕೆಮ್ಮುತ್ತದೆ, ಎಲ್ಲ ಅಳೆದು, ಕೇಳಿ, ಮತ್ತೆ ಅಳೆದು. ಈಗ ಗ್ಯಾಲರಿಯವರು ಒಂದು ಕೋಣೆ ಕೊಟ್ಟಿದ್ದರು. ಕಂಪ್ಯೂಟರು, ವೈರುಗಳ ರಾಶಿ ಬೇಡ, ಗೋಡೆಗೆ ನಲವತ್ತು ಫೋನು ನೇತುಹಾಕಿ, ಒಂದೊಂದರಲ್ಲೂ ಬ್ರೌಸರಿನ ಒಂದು ಪುಟ, ಒಂದೊಂದು ಪುಟವೂ ಒಂದು ಗಡಿಯಾರ. ಮೊದಲ ದಿನ ಅಪ್ಪನನ್ನು ಆ ಕೋಣೆಯ ನಡುವೆ ಕೂರಿಸಬೇಕು. ಅವರ ಬಾಯಿಂದ "ಸರಿಯಾಗಿದೆ" ಎಂಬ ಒಂದು ಮಾತು ಬರಬೇಕು. ಅವಳಿಗೆ ಬೇಕಿದ್ದದ್ದು ಅಷ್ಟೇ.

ಬಡಗಿಗಳು ಹಜಾರದಲ್ಲಿ ಇನ್ನೂ ಸುತ್ತಿಗೆ ಬಡಿಯುತ್ತಿದ್ದರು. ಹಾಗಾಗಿ ಇಬ್ಬರ ಕೆಲಸವೂ ಮೂಲೆಯ ಸಣ್ಣ ಕೋಣೆಯಲ್ಲಿ, ಅವಳ ಲ್ಯಾಪ್‌ಟಾಪಿನ ಮುಂದೆ, ಇಬ್ಬರಿಗೂ ಒಂದೊಂದು ಹೆಡ್‌ಫೋನಿನಲ್ಲಿ ನಡೆಯಿತು. ಫೋನುಗಳನ್ನು ಅವನು ಆಮೇಲೆ ಒಂದೊಂದಾಗಿ ನೋಡುತ್ತಿದ್ದ. ನಿದ್ದೆಗೆ ಜಾರುತ್ತದೆಯೇ, ಬಿಸಿಯಾಗುತ್ತದೆಯೇ, ಪುಟ ಮುಚ್ಚಿಕೊಳ್ಳುತ್ತದೆಯೇ ಎಂದು.

ಮೊದಲ ವಾರ ಅವಳು ಬಿಗಿಯಾಗಿಯೇ ಇದ್ದಳು.

"ಇದೇನ್ರೀ, ಏಳನೇದು ಕುಂಟ್ತಾ ಇದೆ?" ಎಂದ ಒಂದು ದಿನ.

"ಕುಂಟ್ಬೇಕು. ಅದು ಕುಂಟೋ ಗಡಿಯಾರವೇ."

"ಪಾಪ. ಔಷಧಿ ಏನೂ ಇಲ್ವಾ?"

ಅವಳು ನಗಬಾರದೆಂದುಕೊಂಡಳು. ತುಟಿ ಕೇಳಲಿಲ್ಲ.

ಅಂದಿನಿಂದ ಏಳನೆಯದು 'ಕುಂಟಣ್ಣ' ಆಯಿತು. ಹತ್ತೊಂಬತ್ತನೆಯದು 'ಕೆಮ್ಮೋ ತಾತ'. ಮೂವತ್ತನೆಯದಕ್ಕೆ ಗಂಟೆ ಹೊಡೆಯಲು ಯಾವಾಗಲೂ ಅವಸರ, ಅದು 'ಬಸ್ಸಿಗೆ ಓಡೋಳು'. ಎರಡನೆಯ ವಾರಕ್ಕೆ ಅವಳು ಎರಡು ಲೋಟ ಚಹಾ ತರಲು ಶುರುಮಾಡಿದ್ದಳು. ಅವನು ಮಾತು ತಡವರಿಸಿದಾಗಲೆಲ್ಲ ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸುತ್ತಿದ್ದ. ಕನ್ನಡಕವಿಲ್ಲದ ಆ ಕಣ್ಣುಗಳನ್ನು ಅವಳು ಬೇಕಂತಲೇ ನೋಡುತ್ತಿರಲಿಲ್ಲ. ಅಂದರೆ, ನೋಡುತ್ತಿದ್ದಳು!

"ಒಂದು ಮಾತು ಕೇಳ್ಲಾ? ಇಷ್ಟೆಲ್ಲ ಕಷ್ಟಪಟ್ಟು ಬರೆಯೋ ಬದಲು, ಆ ಗಡಿಯಾರಗಳ ಶಬ್ದಾನೇ ರೆಕಾರ್ಡ್ ಮಾಡಿ ಹಾಕಬಹುದಿತ್ತಲ್ಲ?"

"ಅಪ್ಪ ಬೇಡ ಅಂದ್ರು. ರೆಕಾರ್ಡ್ ಮಾಡಿದ್ದು ಫೋಟೋ ಇದ್ದ ಹಾಗೆ, ಗಡಿಯಾರ ನಡೀಬೇಕು ಅಂದ್ರು." ಅವಳು ಚಹಾದ ಲೋಟವನ್ನು ತಿರುಗಿಸುತ್ತ ಕೂತಳು. ಆಮೇಲೆ ಯಾರಿಗೂ ಹೇಳದ್ದನ್ನು ಅವನಿಗೆ ಹೇಳಿಬಿಟ್ಟಳು. "ನನಗೆ ಹದಿನೈದು ವರ್ಷ. ಗಿರಾಕಿ ಒಬ್ಬರ ಗಡಿಯಾರಾನ ಅಂದಾಜಿನ ಮೇಲೆ ಹೊಂದಿಸಿ ಕೊಟ್ಟುಬಿಟ್ಟೆ. ಅವರ ರೈಲು ತಪ್ಪಿಹೋಯ್ತು. ಅವತ್ತು ಅಪ್ಪ ಬೈಲಿಲ್ಲ. 'ಪುಟ್ಟಿ, ಅಂದಾಜಿನ ಕೈ ಈ ಕೆಲಸಕ್ಕೆ ಆಗಲ್ಲ' ಅಂದ್ರು ಅಷ್ಟೇ. ನಾನು ಮತ್ತೆ ಗಡಿಯಾರ ರಿಪೇರಿಗೆ ಕೈ ಹಚ್ಚಲಿಲ್ಲ..."

"ಎಷ್ಟು ವರ್ಷ?"

"ಹನ್ನೊಂದು."

ಅವನು ಕನ್ನಡಕ ಒರೆಸಿದ. ತನ್ನ ಚಹಾವನ್ನು ಅರ್ಧ ಅವಳ ಲೋಟಕ್ಕೆ ಸುರಿದ. *ಎಂಥಾ ಮನುಷ್ಯ ಇವನು...* ಎಂದುಕೊಂಡಳು. ಆ ಸಂಜೆ ಮನೆಗೆ ಹೋಗುವಾಗ ಬಸ್ಸಿನಲ್ಲಿ ಕಾರಣವಿಲ್ಲದೆ ಮುಗುಳ್ನಗುತ್ತಿದ್ದಳು, ಪಕ್ಕದ ಸೀಟಿನವರು ಎರಡು ಸಲ ತಿರುಗಿ ನೋಡಿದರು.

ಉದ್ಘಾಟನೆಗೆ ನಾಲ್ಕು ದಿನವಿತ್ತು. ಬಡಗಿಗಳು ಹೋಗಿದ್ದರು. ನಲವತ್ತು ಫೋನುಗಳನ್ನೂ ಮೊದಲ ಬಾರಿ ಒಟ್ಟಿಗೆ ನಡೆಸಿ ನೋಡುವ ದಿನ. ಅವಳಿಗೆ ತಡೆಯಲಾಗಲಿಲ್ಲ, ಅಪ್ಪನನ್ನು ಅಂದೇ ಕರೆತಂದಳು.

ಇಬ್ಬರೂ ಒಂದೊಂದು ಕಡೆಯಿಂದ ಫೋನುಗಳನ್ನು ಮುಟ್ಟುತ್ತ ಬಂದರು. ಒಂದು, ಎರಡು, ಹತ್ತು... ಕೋಣೆ ತುಂಬತೊಡಗಿತು. ಕುಂಟಣ್ಣ ಎದ್ದ, ಕೆಮ್ಮೋ ತಾತ ಎದ್ದ. ನಲವತ್ತನೆಯದಕ್ಕೆ ಇಬ್ಬರೂ ಒಟ್ಟಿಗೇ ಬಂದು ನಿಂತರು. ಅವನು "ನೀವೇ" ಎಂದ. ಅವಳು ಬೆರಳಿಟ್ಟಳು. ಸಂತೋಷಕ್ಕೆ ಅವಳ ಕಣ್ಣು ತುಂಬಿ ಬಂತು.

ಅಪ್ಪ ನಡುವಿನ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತಿದ್ದರು. ನಿಧಾನವಾಗಿ ಹುಬ್ಬು ಗಂಟಿಕ್ಕಿತು. ನಡುಗುವ ಕೈಯಿಂದ ಜೇಬಿನ ಗಡಿಯಾರ ತೆಗೆದು, ತುಟಿ ಅಲುಗಿಸುತ್ತ ಎಣಿಸತೊಡಗಿದರು.

"ಅಪ್ಪಾ?"

"ಇವು ನನ್ನ ಗಡಿಯಾರ ಅಲ್ಲ, ಪುಟ್ಟಿ."

ಅವಳು ಕುರ್ಚಿಯ ಬಳಿ ಓಡಿದಳು.

"ನಿಮಿಷಕ್ಕೆ ಅರವತ್ತು ಬಡೀಬೇಕಾದ್ದು ಅರವತ್ತೈದು ಬಡೀತಿದೆ. ಗಂಟೆಗೆ ಐದು ನಿಮಿಷ ಮುಂದೆ. ದನಿಗಳೂ ತೆಳ್ಳಗಾಗಿವೆ." ಅಪ್ಪ ಗಡಿಯಾರವನ್ನು ಜೇಬಿಗಿಟ್ಟುಕೊಂಡರು. "ಪರವಾಗಿಲ್ಲ ಬಿಡು. ಕೇಳೋಕೆ ಚೆನ್ನಾಗೇ ಇದೆ."

ಆ "ಪರವಾಗಿಲ್ಲ ಬಿಡು" ಇದೆಯಲ್ಲ, ಅದು ಅವಳ ಕರುಳಿಗೇ ಹೋಗಿ ನಾಟಿತು. ಬೈದಿದ್ದರೂ ಇಷ್ಟು ನೋಯುತ್ತಿರಲಿಲ್ಲ.

ಅವಳು ಲ್ಯಾಪ್‌ಟಾಪ್ ತೆರೆದು ಆ ಗಡಿಯಾರಗಳಲ್ಲಿ ಒಂದನ್ನು ಓಡಿಸಿದಳು. ಎಣಿಸಿದಳು. ಅರವತ್ತು! ಕರಾರುವಾಕ್ಕಾಗಿ ಅರವತ್ತು!

"ನನ್ನ ಹತ್ರ ಸರಿಯಾಗಿದೆ! ಇದೇ ಬ್ರೌಸರ್, ಇದೇ ಪುಟ! ಫೋನಿಗೆ ಹಾಕುವಾಗ ಏನು ಮಾಡಿದ್ರಿ ನೀವು?"

"ನಾನು ಏನೂ..."

"ಫೋನು ಬಿಸಿಯಾಗುತ್ತೆ, ಸ್ವಲ್ಪ ಹಗುರ ಮಾಡೋಣ ಅಂತ ಹೋದ ವಾರ ಅಂದಿದ್ರಿ! ನನ್ನ ಕೇಳದೆ ಏನೋ ಕೈಯಾಡಿಸಿದೀರಿ, ಅಲ್ವಾ? ನಲವತ್ತು ಗಡಿಯಾರಾನೂ ನಾನು ಒಂದೂವರೆ ವರ್ಷ ಕೂತು ಅಳೆದಿದೀನಿ ಕಣ್ರೀ! ಇದು ನಿಮಗೆ ಬರೀ ಕೋಡು!"

ಗದ್ದಲ ಕೇಳಿ ಮೇಲ್ವಿಚಾರಕಿ ಓಡಿ ಬಂದಳು. ಅವನು ಒಂದು ಫೋನನ್ನು ಗೋಡೆಯಿಂದ ಇಳಿಸಿ, ಕೋಡ್ ತೆರೆದು, ಮೇಲಿಂದ ಓದಿದ. ಒಂದು ಕಡೆ ಅವನ ಕಣ್ಣು ನಿಂತಿತು. ತಲೆ ಎತ್ತಿ ಅವಳನ್ನು ನೋಡಿದ. ಕುರ್ಚಿಯಲ್ಲಿ ಕೂತ ಅಪ್ಪನನ್ನು ನೋಡಿದ. ಕನ್ನಡಕ ತೆಗೆದ, ಒರೆಸಲಿಲ್ಲ, ಮತ್ತೆ ಹಾಕಿಕೊಂಡ.

"ಹೌದು," ಎಂದ. "ತಪ್ಪು ನನ್ನದೇ."

"ನೋಡಿದ್ರಾ!" ಅವಳ ದನಿ ಒಡೆಯಿತು. "ಇನ್ನು ಇವರು ಬೇಡ ನನಗೆ. ನಾನೇ ಸರಿ ಮಾಡ್ಕೊಳ್ತೀನಿ."

ಮೇಲ್ವಿಚಾರಕಿ ಅವನತ್ತ ನೋಡಿದಳು. ಅವನು ತಲೆಯಾಡಿಸಿ ಬ್ಯಾಗು ಹೆಗಲಿಗೇರಿಸಿದ. ಬಾಗಿಲ ಬಳಿ ಅವಳಿಗೊಬ್ಬಳಿಗೇ ಕೇಳುವಂತೆ ಹೇಳಿದ. "ಮೂರನೇ ಸಾಲು ನೋಡಿ ಮೇಡಂ. ಅದೊಂದು ಸರಿಮಾಡಿದ್ರೆ ನಲವತ್ತೂ ಸರಿಹೋಗುತ್ತೆ. ಐದು ನಿಮಿಷದ ಕೆಲಸ, ಹೆದರ್ಕೋಬೇಡಿ."

ಅವಳು ಮುಖ ತಿರುಗಿಸಿಕೊಂಡಳು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಆದರೆ ಸಿಟ್ಟು ನೆತ್ತಿಗೇರಿದ ಹೊತ್ತಿನಲ್ಲಿ ಯಾರಿಗೆ ತಾನೇ ಗಾದೆ ನೆನಪಾಗುತ್ತದೆ, ನೀವೇ ಹೇಳಿ!

ಮರುದಿನ ಬೆಳಿಗ್ಗೆ ಅವಳು ಮನೆಯ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಳು. ಅಮ್ಮ ಎದುರಿಗೆ ಬಟಾಣಿ ಸುಲಿಯುತ್ತಿದ್ದಳು.

ಮೂರನೇ ಸಾಲು.

ಅಲ್ಲಿ ಒಂದು ಅಂಕಿಯಿತ್ತು. ನಲವತ್ನಾಲ್ಕು ಸಾವಿರದ ನೂರು.

ಕಂಪ್ಯೂಟರಿಗೆ ಶಬ್ದವೆಂದರೆ ಒಂದರ ಹಿಂದೊಂದು ಓಡುವ ಅಂಕಿಗಳು. ಅವಳ ಲ್ಯಾಪ್‌ಟಾಪು ಸೆಕೆಂಡಿಗೆ ನಲವತ್ನಾಲ್ಕು ಸಾವಿರದ ನೂರು ಅಂಕಿ ಓದುತ್ತಿತ್ತು. ಹಾಗಾಗಿ ಅಷ್ಟು ಅಂಕಿಗೊಂದು 'ಟಿಕ್' ಎಂದು ಅವಳು ಬರೆದಿದ್ದಳು. ಗೋಡೆಯ ಮೇಲಿನ ಫೋನುಗಳು ಓದುತ್ತಿದ್ದುದು ಸೆಕೆಂಡಿಗೆ ನಲವತ್ತೆಂಟು ಸಾವಿರ. ಅವು ಓದುವ ವೇಗ ಹೆಚ್ಚು, ಗಡಿಯಾರದ ಓಟವೂ ಹೆಚ್ಚು, ದನಿಯೂ ತೆಳ್ಳಗೆ. ಯಂತ್ರವನ್ನು 'ನಿನ್ನ ವೇಗ ಎಷ್ಟಪ್ಪಾ' ಎಂದು ಕೇಳಿ ಬರೆಯಬೇಕಾದಲ್ಲಿ ಅವಳು ತನ್ನ ಯಂತ್ರದ ವೇಗವೇ ಎಲ್ಲರದೂ ಎಂದುಕೊಂಡಿದ್ದಳು. ಅಂದಾಜಿನ ಮೇಲೆ!

*ಇಲ್ಲ... ಇದನ್ನು ಅವನೇ ಹಾಕಿರಬೇಕು...*

ಆ ಸಾಲಿನ ಇತಿಹಾಸ ತೆರೆದಳು. ಯಾರು, ಯಾವತ್ತು ಬರೆದರು ಎಂಬುದೆಲ್ಲ ಅದರಲ್ಲಿರುತ್ತದೆ. ಬರೆದವಳು ಅವಳೇ. ಎರಡು ವರ್ಷದ ಹಿಂದೆ, ಮೊದಲ ಗಡಿಯಾರ ಬರೆದ ದಿನ. ಪಕ್ಕದಲ್ಲಿ ಅವಳದೇ ಒಂದು ಟಿಪ್ಪಣಿ ಬೇರೆ! "ಈ ಅಂಕಿಯನ್ನು ಯಾರೂ ಮುಟ್ಟಬಾರದು."

ಅವನು ಮುಟ್ಟಿರಲಿಲ್ಲ. ಅವಳ ಒಂದೇ ಒಂದು ಸಾಲನ್ನೂ ಅವನು ಕೇಳದೆ ಮುಟ್ಟಿರಲಿಲ್ಲ.

"ಅಯ್ಯೋ... ಅಮ್ಮಾ!"

"ಏನೇ? ಕರೆಂಟ್ ಹೊಡೀತಾ?"

ಅವಳು ಬಿಕ್ಕುತ್ತ ಎಲ್ಲ ಹೇಳಿದಳು. ಅಮ್ಮ ಬಟಾಣಿಯ ತಟ್ಟೆ ಸರಿಸಿದಳು.

"ತನ್ನ ಎಲೇಲಿ ಹೆಗ್ಗಣ ಸತ್ತು ಬಿದ್ದಿದ್ರೂ ಪಕ್ಕದ ಎಲೇಲಿರೋ ನೊಣ ತೋರಿಸಿದ್ರಂತೆ. ಇಲ್ಲಿ ಪಕ್ಕದ ಎಲೇಲಿ ನೊಣಾನೂ ಇರ್ಲಿಲ್ಲ!"

"ಅಮ್ಮಾ, ಈಗ ಗಾದೆ ಬೇಡ..."

"ಸರಿ, ಬೇಡ. ಆ ಹುಡುಗ ತಪ್ಪು ತನ್ನ ಮೇಲೆ ಯಾಕೆ ಹಾಕ್ಕೊಂಡ?"

ಅವಳಿಗೆ ಗೊತ್ತಿತ್ತು. ಅಂದಾಜಿನ ಕೈಯ ಕತೆಯನ್ನು ಜಗತ್ತಿನಲ್ಲಿ ಅವಳು ಹೇಳಿದ್ದು ಅವನೊಬ್ಬನಿಗೇ. ಅಪ್ಪನ ಮುಂದೆ ಅವಳು ಎರಡನೆಯ ಸಲ ಹಾಗೆ ನಿಲ್ಲಬಾರದೆಂದು ಅವನು ಬಾಯಿ ಮುಚ್ಚಿಕೊಂಡು ಹೋಗಿದ್ದ. ಸುಮ್ಮನಿದ್ದುಬಿಟ್ಟರೆ ಯಾರಿಗೂ ತಿಳಿಯುವುದಿಲ್ಲ. ಅಂಕಿ ಸರಿಮಾಡಿದರೆ ಮುಗಿಯಿತು, ಅಪ್ಪ "ಸರಿಯಾಗಿದೆ" ಎನ್ನುತ್ತಾರೆ, ಹನ್ನೊಂದು ವರ್ಷದ ಆಸೆ ತೀರುತ್ತದೆ...

*ತೀರಿ ಏನು ಬಂತು? ಅವನ ತಲೆ ಮೇಲೆ ನಿಂತು ಎತ್ತರ ಕಾಣಿಸ್ಕೊಳ್ಳೋದಾ?*

ಅವಳು ಕಣ್ಣೊರೆಸಿಕೊಂಡು ಎದ್ದಳು. ಅಪ್ಪ ವರಾಂಡದಲ್ಲಿ ಕೈಗಳನ್ನು ಮಡಿಲಲ್ಲಿಟ್ಟು ಕೂತಿದ್ದರು. ಅವಳು ಕಾಲ ಬಳಿ ನೆಲದ ಮೇಲೆ ಕೂತಳು.

"ಅಪ್ಪಾ, ನಿನ್ನೆಯ ತಪ್ಪು ಅವರದ್ದಲ್ಲ. ನಂದು. ಅಳೆಯದೆ ಒಂದು ಅಂಕಿ ಬರೆದುಬಿಟ್ಟಿದ್ದೆ. ಅಂದಾಜಿನ ಮೇಲೆ..."

ಅಪ್ಪ ಅವಳತ್ತ ತಿರುಗಿದರು.

"ನನಗೆ ನಿನ್ನೇನೇ ಅನುಮಾನ ಬಂತು. ಒಂದು ಗಡಿಯಾರ ಮುಂದೆ ಹೋದ್ರೆ ಅದು ಗಡಿಯಾರದ ಕಾಯಿಲೆ. ನಲವತ್ತೂ ಒಂದೇ ಸಮ ಮುಂದೆ ಹೋದ್ರೆ, ಅದು ಅಂಗಡಿಯವರ ಕೈ."

"ಮತ್ತೆ ಯಾಕೆ ಸುಮ್ಮನಿದ್ರಿ?"

"ಆ ಹುಡುಗ ಸುಳ್ಳು ಹೇಳ್ತಿದ್ದ. ನಿನ್ನ ಮುಖ ನೋಡ್ಕೊಂಡು ಹೇಳ್ತಿದ್ದ. ನೀನು ಏನು ಮಾಡ್ತೀಯ ನೋಡೋಣ ಅಂತ ಸುಮ್ಮನಿದ್ದೆ." ಅಪ್ಪ ಒಮ್ಮೆ ಮನೆಯೊಳಗೆ ಇಣುಕಿ ದನಿ ತಗ್ಗಿಸಿದರು. "ನಾನೂ ಒಂದ್ಸಲ ಮಾಡಿದ್ದೆ ಪುಟ್ಟಿ. ಅಂಗಡಿಯ ದೊಡ್ಡ ಗಡಿಯಾರಾನೇ ತಪ್ಪಾಗಿ ಹೊಂದಿಸಿ, ಅದನ್ನ ನೋಡ್ಕೊಂಡು ಉಳಿದಿದ್ದನ್ನೆಲ್ಲ ಹೊಂದಿಸಿದ್ದೆ. ಬೀದಿಯವರೆಲ್ಲ ಜಗಳಕ್ಕೆ ಬಂದ್ರು. ರೇಡಿಯೋದವರು ತಪ್ಪು ಟೈಮ್ ಹೇಳಿದ್ರು ಅಂದುಬಿಟ್ಟೆ!"

ಅಳುತ್ತಿದ್ದವಳು ನಕ್ಕುಬಿಟ್ಟಳು. ಒಳಗಿನಿಂದ ಅಮ್ಮ ಕೂಗಿದಳು. "ಇವತ್ತಿಗೂ ಆ ರೇಡಿಯೋ ಕಂಡ್ರೆ ಇವರಿಗೆ ಸಿಟ್ಟು!"

"ನಾನು ಯಾರ ಹತ್ರಾನೂ ಹೋಗಿ ಒಪ್ಕೊಳ್ಳಲಿಲ್ಲ. ನೀನು ಬಂದು ಒಪ್ಕೊಂಡೆ. ಅವತ್ತು ಹದಿನೈದು ವರ್ಷದ ಮಗೂಗೆ ಅಷ್ಟು ದೊಡ್ಡ ಮಾತು ಹೇಳಬಾರದಿತ್ತು ನಾನು." ನಡುಗುವ ಕೈ ಅವಳ ತಲೆಯ ಮೇಲೆ ಕೂತಿತು. "ಏಳು. ಅಳೋದು ಆಮೇಲೆ. ಮೊದಲು ಆ ಹುಡುಗನ್ನ ಕರ್ಕೊಂಡು ಬಾ."

ಅವಳು ಮೊದಲು ಗ್ಯಾಲರಿಗೆ ಹೋದಳು. ಮೇಲ್ವಿಚಾರಕಿಯ ಮುಂದೆ ನಿಂತು, ಸುತ್ತಿ ಬಳಸದೆ, ತಪ್ಪು ತನ್ನದೆಂದು ಹೇಳಿದಳು. ಮೇಲ್ವಿಚಾರಕಿ ಕನಿಷ್ಠ ಹತ್ತು ನಿಮಿಷ ಬೈದಳು, ಕೊನೆಗೆ ಅವನ ವಿಳಾಸ ಬರೆದುಕೊಟ್ಟಳು. ಅವನು ಉಳಿದ ದಿನಗಳಲ್ಲಿ ಗ್ರಂಥಾಲಯದ ಎರಡನೆಯ ಮಹಡಿಯಲ್ಲಿ ಹಳೆಯ ಧ್ವನಿಸುರುಳಿಗಳನ್ನು ಕಂಪ್ಯೂಟರಿಗೆ ಇಳಿಸುವ ಕೆಲಸ ಮಾಡುತ್ತಿದ್ದನಂತೆ.

ಓದುವ ಕೋಣೆಯ ಕೊನೆಯ ಮೇಜು. ಅವನು ಹೆಡ್‌ಫೋನ್ ಹಾಕಿಕೊಂಡು ಬಗ್ಗಿ ಕೂತಿದ್ದ. ಅವಳು ಎದುರಿಗೆ ಹೋಗಿ ನಿಂತಳು. ಅವನು ತಲೆ ಎತ್ತಿ ನೋಡಿ ಗಡಬಡಿಸಿ ಎದ್ದಾಗ ಕುರ್ಚಿ ಕಿರ್ರೆಂದಿತು.

"ಶ್!" ಎಂದರು ಪಕ್ಕದ ಮೇಜಿನ ಹಿರಿಯರು.

"ಮೂರನೇ ಸಾಲು ನೋಡಿದೆ," ಎಂದು ಅವಳು ಪಿಸುಗುಟ್ಟಿದಳು.

"ಸರಿಹೋಯ್ತಾ?"

"ನಿಮಗೆ ಗೊತ್ತಿತ್ತು ಅದು ನಾನು ಬರೆದಿದ್ದು ಅಂತ."

ಅವನು ಕನ್ನಡಕ ತೆಗೆದ.

"ಒರೆಸಬೇಡಿ! ಉತ್ತರ ಹೇಳಿ."

"ಶ್!"

"ನಿಮ್ಮಪ್ಪನ ಮುಂದೆ ನಿಮಗೆ ಹಾಗಾಗೋದು ನನ್ನಿಂದ ನೋಡೋಕಾಗ್ಲಿಲ್ಲ," ಎಂದ ಮೆಲ್ಲಗೆ. "ನನಗೇನು, ಒಂದು ಕೆಲಸ ಹೋದ್ರೆ ಇನ್ನೊಂದು."

"ಅಪ್ಪನಿಗೆ ಹೇಳಿಬಿಟ್ಟೆ. ಮೇಲ್ವಿಚಾರಕಿಗೂ ಹೇಳಿಬಿಟ್ಟೆ."

ಅವನು ಬೆರಗಾಗಿ ನೋಡಿದ. ಅವಳ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು.

"ಕೆಲಸ ಹೋಗಿದ್ದಕ್ಕೆ ನನಗೆ ಬೇಜಾರಾಗಲಿಲ್ಲ," ಎಂದ. ಮೊದಲ ಸಲ ಅವನ ದನಿಯಲ್ಲಿ ನೋವು ಕೇಳಿಸಿತು. "ಮೂರು ವಾರ ಪಕ್ಕದಲ್ಲೇ ಕೂತಿದ್ದೆ. ಇದು ನಿಮಗೆ ಬರೀ ಕೋಡು ಅಂದುಬಿಟ್ರಿ. ಕುಂಟಣ್ಣ ನನಗೆ ಬರೀ ಕೋಡಾ? ಒಂದ್ಸಲ ಕೇಳಬಹುದಿತ್ತು ನೀವು, 'ನೀವು ಮಾಡಿದ್ರಾ' ಅಂತ. ಕೇಳದೇ ತೀರ್ಪು ಕೊಟ್ರಿ."

ಅವಳು ಕೆನ್ನೆ ಒರೆಸಿಕೊಂಡಳು.

"ತಪ್ಪಾಯ್ತು," ಎಂದಳು. "ಹೊಟ್ಟೆಗೆ ಹಾಕ್ಕೊಳ್ಳಿ. ಆದ್ರೆ ಇನ್ನೊಂದು ಮಾತು... ನನ್ನ ಕಾಪಾಡೋಕೆ ಅಂತ ಇನ್ಯಾವತ್ತೂ ಸುಳ್ಳು ಹೇಳಬೇಡಿ. ಅಪ್ಪನ ಮುಂದೆ ನಾನೇ ನಿಂತ್ಕೊಳ್ತೀನಿ. ನೀವು ಪಕ್ಕದಲ್ಲಿದ್ರೆ ಸಾಕು!"

ಕೊನೆಯ ಮಾತು ಪಿಸುಮಾತಾಗಿ ಉಳಿಯಲಿಲ್ಲ. ಇಡೀ ಓದುವ ಕೋಣೆ ತಿರುಗಿ ನೋಡಿತು. ಹಿರಿಯರು ಈ ಸಲ "ಶ್" ಎನ್ನಲಿಲ್ಲ, ಪತ್ರಿಕೆ ಕೆಳಗಿಳಿಸಿ ಮುಂದೇನು ಎಂದು ಕಾದರು.

ಅವನ ಕಿವಿ ಕೆಂಪಾಯಿತು. "ಸುಳ್ಳು ಹೇಳೋಕೆ ಇನ್ನೊಂದು ಕಾರಣಾನೂ ಇತ್ತು..."

"ಏನು?"

"ಇಲ್ಲಿ ಬೇಡ ಮೇಡಂ. ಇವರೆಲ್ಲ ಕೇಳಿಸ್ಕೊಳ್ತಿದಾರೆ."

ಉದ್ಘಾಟನೆಯ ದಿನ ಬಾಗಿಲು ತೆರೆಯುವುದಕ್ಕೆ ಒಂದೂವರೆ ಗಂಟೆ ಮೊದಲೇ ಅಪ್ಪ, ಅಮ್ಮ ಬಂದರು. ಮೂರನೆಯ ಸಾಲಿನಲ್ಲಿ ಈಗ ಅಂಕಿ ಇರಲಿಲ್ಲ. ಪ್ರತಿ ಫೋನನ್ನೂ ಅದರ ವೇಗ ಎಷ್ಟೆಂದು ಕೇಳಿ, ಅದಕ್ಕೆ ತಕ್ಕ ಹಾಗೆ ಹೆಜ್ಜೆ ಹಾಕಿಸುವ ಸಾಲು ಅಲ್ಲಿತ್ತು. ಇಬ್ಬರೂ ಸೇರಿ ಬರೆದದ್ದು. ನಲವತ್ತು ಫೋನುಗಳನ್ನೂ ಮೊನ್ನೆಯೇ ಎಣಿಸಿ ಮುಗಿಸಿದ್ದರು, ಇಪ್ಪತ್ತು ಅವಳು, ಇಪ್ಪತ್ತು ಅವನು.

ಅಪ್ಪ ಕುರ್ಚಿಯಲ್ಲಿ ಕೂತು ಜೇಬಿನ ಗಡಿಯಾರವನ್ನು ಅಂಗೈಯಲ್ಲಿಟ್ಟುಕೊಂಡರು.

"ಒಂದು ಗಂಟೆ ಕೂರ್ತೀನಿ," ಎಂದರು. "ಒಂದು ನಿಮಿಷಕ್ಕೆ ಗಡಿಯಾರದ ಗುಣ ಗೊತ್ತಾಗಲ್ಲ."

ಅವಳು ಗೋಡೆಗೊರಗಿ ನಿಂತಳು. ಅವನೂ ಬಂದು ಪಕ್ಕದಲ್ಲಿ ನಿಂತ. ಕುಂಟಣ್ಣ ಕಾಲೆಳೆಯುತ್ತ ನಡೆದ. ಅಪ್ಪನ ಮುಖ ಕಲ್ಲಿನ ಹಾಗಿತ್ತು. ಹತ್ತು ನಿಮಿಷ, ಇಪ್ಪತ್ತು... ಅರ್ಧ ಗಂಟೆಯಾದಾಗ ಅಪ್ಪನ ತುಟಿಯ ತುದಿ ಒಂದಿಷ್ಟು ಸಡಿಲವಾಯಿತು. ಯಾವುದೋ ಒಂದನ್ನು ಕೇಳಿ "ಇವನಿನ್ನೂ ಬದುಕಿದಾನಾ!" ಎಂದು ತಮ್ಮಷ್ಟಕ್ಕೇ ಗೊಣಗಿದರು.

ಗಂಟೆ ತುಂಬಿತು. ಮೊದಲು ಬಸ್ಸಿಗೆ ಓಡೋಳು ಹೊಡೆದಳು, ಆಮೇಲೆ ಒಂದೊಂದಾಗಿ ಉಳಿದವು. ಕೊನೆಗೆ ಕೆಮ್ಮೋ ತಾತ ಕೆಮ್ಮಿ, ನಿಧಾನವಾಗಿ ಹನ್ನೊಂದು ಹೊಡೆದ. ಅಪ್ಪ ಅಂಗೈಯ ಗಡಿಯಾರ ನೋಡಿದರು. ಹನ್ನೊಂದು.

ಅವರು ಗಡಿಯಾರವನ್ನು ಜೇಬಿಗಿಟ್ಟುಕೊಂಡರು. ಕಣ್ಣಿಂದ ನೀರು ಧಾರಾಕಾರವಾಗಿ ಇಳಿಯುತ್ತಿತ್ತು.

"ಅಪ್ಪಾ...?" ಅವಳು ಓಡಿ ಹೋಗಿ ಮಂಡಿಯೂರಿದಳು.

"ಸರಿಯಾಗಿದೆ," ಎಂದರು ಅಪ್ಪ. "ಸರಿಯಾಗಿದೆ ಪುಟ್ಟಿ. ನಲವತ್ತೂ ನನ್ನವೇ."

ಅಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಸ್ವಲ್ಪ ಹೊತ್ತಿನ ಮೇಲೆ ಅಪ್ಪ ಅವನನ್ನು ಹತ್ತಿರ ಕರೆದು, ನಡುಗುವ ಎರಡೂ ಕೈಯಲ್ಲಿ ಅವನ ಕೈ ಹಿಡಿದುಕೊಂಡು ತಟ್ಟಿದರು. ಆಮೇಲೆ, "ನಡಿಯೇ, ಹೊರಗೆ ಗಾಳಿಗೆ ನಿಲ್ಲೋಣ," ಎಂದು ಅಮ್ಮನನ್ನು ಎಬ್ಬಿಸಿಕೊಂಡು ಹೋದರು. ಹೊರಗೆ ಗಾಳಿಯೇನೂ ಇರಲಿಲ್ಲ.

ಕೋಣೆಯಲ್ಲಿ ಇಬ್ಬರೇ ಉಳಿದರು.

"ಆ ಇನ್ನೊಂದು ಕಾರಣ ಹೇಳ್ತೀನಿ ಅಂದಿದ್ರಿ," ಎಂದಳು ನೆಲ ನೋಡುತ್ತ.

"ಅದು... ನೀವು ಅತ್ತರೆ ನನಗೆ ತಡ್ಕೊಳ್ಳೋಕಾಗಲ್ಲ. ಅವತ್ತೇ ಗೊತ್ತಾಯ್ತು. ನಿಮ್ಮನ್ನ ಪ್ರೀತಿಸ್ತಿದೀನಿ ಅಂತಲೂ ಅವತ್ತೇ ಗೊತ್ತಾಯ್ತು. ಗೊತ್ತಾದ ಎರಡೇ ನಿಮಿಷಕ್ಕೆ ನೀವು ಓಡಿಸಿಬಿಟ್ರಿ."

ಅವಳು ನಗುತ್ತ ಅತ್ತಳು, ಅಳುತ್ತ ನಕ್ಕಳು. "ನೋಡಿ, ಈಗ ಮತ್ತೆ ಅಳ್ತಿದೀನಿ."

"ಏನು ಮಾಡ್ಲಿ ನಾನು?"

"ನನಗೂ ನೀವು ಬೇಕು. ಎಷ್ಟು ಬೇಕು ಅಂತ ಅಳತೆ ಕೇಳಬೇಡಿ, ಹೇಳೋಕೆ ಬರಲ್ಲ." ಅವಳು ಅವನ ಕೈ ಹಿಡಿದಳು. ಅವನು ಹಿಡಿದ ಕೈಯನ್ನು ನೋಡುತ್ತ ನಿಂತುಬಿಟ್ಟ.

"ನಾಳೆ ಬರ್ತೀರಾ?" ಎಂದಳು.

"ನಾಳೆ ಗ್ಯಾಲರಿಗೆ ರಜಾ ಅಲ್ವಾ?"

"ಗ್ಯಾಲರಿಗಲ್ಲ. ಮನೆಗೆ. ಅಮ್ಮ ಊಟಕ್ಕೆ ಕರ್ಕೊಂಡು ಬಾ ಅಂದಿದಾಳೆ."

"ಬರ್ತೀನಿ. ಆದ್ರೆ... ಅಕ್ಕಪಕ್ಕದವರು 'ಇವರು ಯಾರು' ಅಂತ ಕೇಳಿದ್ರೆ ಏನು ಹೇಳ್ತೀರಿ?"

ಅವಳು ಅವನ ಕನ್ನಡಕವನ್ನು ತಾನೇ ತೆಗೆದು, ತನ್ನ ದುಪಟ್ಟಾದ ಅಂಚಿನಲ್ಲಿ ಒರೆಸಿ, ನಿಧಾನವಾಗಿ ಅವನ ಮುಖಕ್ಕಿಟ್ಟಳು.

"ನಮ್ಮನೆಯವರು ಅಂತೀನಿ," ಎಂದಳು.